ಕೆಲಸ ಬಿಟ್ಟ ಮೇಲೂ ಕಟ್ಟಿಹಾಕುವ ಷರತ್ತು

ಕಳೆದ ಆಷಾಢದ ಒಂದು ಭಾನುವಾರ ಬೆಳಿಗ್ಗೆ ನನ್ನ ಅಕ್ಕನ ಮಗಳು ಬಸವನಗುಡಿಯ ನಮ್ಮ ಮನೆಗೆ ಬಂದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಬೆಳ್ಳಂದೂರಿನ ಕಂಪನಿಯೊಂದರಲ್ಲಿ ಮೂರು ವರ್ಷದಿಂದ ಹಣ ಪಾವತಿಯ ತಂತ್ರಾಂಶ ಬರೆಯುತ್ತಿದ್ದವಳು. ಎಚ್‌ಎಸ್‌ಆರ್ ಬಡಾವಣೆಯಲ್ಲಿ ಅದೇ ವ್ಯವಹಾರ ನಡೆಸುವ ಇನ್ನೊಂದು ಕಂಪನಿ ಅವಳನ್ನು ಹೆಚ್ಚಿನ ಸಂಬಳಕ್ಕೆ ಕರೆದಿತ್ತು. ರಾಜೀನಾಮೆ ಕೊಟ್ಟ ನಾಲ್ಕನೇ ದಿನ ಎಚ್‌ಆರ್ ವಿಭಾಗದಿಂದ ಇಮೇಲ್ ಬಂದಿದೆ: ‘ನಿಮ್ಮ ನೇಮಕಾತಿ ಪತ್ರದ ಹದಿನಾಲ್ಕನೇ ಷರತ್ತಿನತ್ತ ನಿಮ್ಮ ಗಮನ ಸೆಳೆಯಲು ಬಯಸುತ್ತೇವೆ.’

ಫೈಲು ಬಿಚ್ಚಿ ಆ ಪುಟ ತೆಗೆದೆ. ಸೇರಿದ ದಿನ ಪುಟಪುಟಕ್ಕೂ ಸಹಿ ಹಾಕಿದ್ದಳು. ಹದಿನಾಲ್ಕನೇ ಷರತ್ತಿನ ಸಾರ ಇಷ್ಟು: ಕೆಲಸ ಬಿಟ್ಟ ದಿನದಿಂದ ಹನ್ನೆರಡು ತಿಂಗಳವರೆಗೆ ಉದ್ಯೋಗಿಯು ಕಂಪನಿಯ ಯಾವುದೇ ಪ್ರತಿಸ್ಪರ್ಧಿ ಸಂಸ್ಥೆಯಲ್ಲಿ, ಭಾರತದಲ್ಲಾಗಲಿ ಹೊರಗಾಗಲಿ, ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕೆಲಸ ಮಾಡತಕ್ಕದ್ದಲ್ಲ. ಪ್ರತಿಸ್ಪರ್ಧಿ ಎಂದರೆ ಯಾರು ಎಂಬುದನ್ನು ಕಂಪನಿಯೇ ತೀರ್ಮಾನಿಸುತ್ತದೆ ಎಂದೂ ಬರೆದಿತ್ತು.

‘ಹಾಗಾದರೆ ಒಂದು ವರ್ಷ ನಾನು ಏನು ಮಾಡಬೇಕು ಮಾಮ? ನನಗೆ ಗೊತ್ತಿರುವುದು ಇದೊಂದೇ ಕೆಲಸ’ ಎಂದು ಕೇಳಿದಳು. ಮನೆಯಲ್ಲಿ ಅಮ್ಮನಿಗೆ ಇನ್ನೂ ವಿಷಯ ಹೇಳಿರಲಿಲ್ಲ. ಮೂರು ರಾತ್ರಿಯಿಂದ ಸರಿಯಾಗಿ ನಿದ್ದೆ ಮಾಡಿಲ್ಲವೆಂಬುದು ಮುಖದಲ್ಲೇ ಕಾಣುತ್ತಿತ್ತು.

ಅಂದು ಅವಳಿಗೆ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಉದ್ಯೋಗ ಕರಾರುಗಳನ್ನು ಓದುವುದು, ಅವುಗಳ ಬಗ್ಗೆ ಬರೆಯುವುದು ಬಹಳ ವರ್ಷಗಳಿಂದ ನನ್ನ ಕೆಲಸ. ಇಂಥದೇ ಪುಟ ಹಿಡಿದುಕೊಂಡು ಇಂಥದೇ ಮುಖದಲ್ಲಿ ಬಂದವರನ್ನು ಬಹಳ ಜನ ನೋಡಿದ್ದೇನೆ. ಅವರಲ್ಲಿ ಕೆಲವರು ಹೊಸ ಕೆಲಸವನ್ನೇ ಬಿಟ್ಟುಕೊಟ್ಟು ಹಳೆಯ ಕುರ್ಚಿಗೆ ಮರಳಿದರು. ಹಾಗೆ ಬಿಟ್ಟುಕೊಡುವ ಅಗತ್ಯ ಅವರಿಗೆ ಇರಲಿಲ್ಲ ಎಂಬುದೇ ನನಗೆ ಇವತ್ತಿಗೂ ನೋವಿನ ಸಂಗತಿ.

ಒಂದೂವರೆ ಶತಮಾನದ ಹಿಂದಿನ ಒಂದು ವಾಕ್ಯ

ಈ ಬಗೆಯ ಷರತ್ತನ್ನು ಎಲ್ಲರೂ ಕರೆಯುವುದು ನಾನ್-ಕಂಪೀಟ್ ಎಂದು. ಕನ್ನಡದಲ್ಲಿ ಸ್ಪರ್ಧಾ ನಿರ್ಬಂಧ ಎನ್ನಬಹುದು. ನಮ್ಮ ದೇಶದಲ್ಲಿ ಇದರ ಹಣೆಬರಹವನ್ನು ನಿರ್ಧರಿಸುವುದು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್. ಅದರ ಅರ್ಥ ಸರಳ: ಕಾನೂನುಬದ್ಧವಾದ ವೃತ್ತಿ, ವ್ಯಾಪಾರ ಅಥವಾ ವ್ಯವಹಾರವನ್ನು ಯಾರೂ ನಡೆಸದಂತೆ ತಡೆಯುವ ಪ್ರತಿಯೊಂದು ಕರಾರೂ ಆ ಮಟ್ಟಿಗೆ ಅಸಿಂಧು.

‘ಆ ಮಟ್ಟಿಗೆ’ ಎಂಬ ಮಾತನ್ನು ಗಮನಿಸಬೇಕು. ಇಡೀ ನೇಮಕಾತಿ ಪತ್ರ ಬಿದ್ದುಹೋಗುವುದಿಲ್ಲ. ಸಂಬಳ, ರಜೆ, ಗೋಪ್ಯತೆ ಎಲ್ಲವೂ ಉಳಿಯುತ್ತವೆ. ಬೇರೆ ಕಡೆ ಕೆಲಸ ಮಾಡಬಾರದು ಎಂಬ ಭಾಗ ಮಾತ್ರ ಬರೆಯದೇ ಇದ್ದ ಹಾಗೆ. ಸಹಿ ಹಾಕಿದ್ದೇನಲ್ಲ ಎಂದು ಹೆದರುವವರು ತಿಳಿಯಬೇಕಾದದ್ದು ಇದನ್ನೇ. ಕಾನೂನು ಅಸಿಂಧು ಎಂದ ಮಾತಿಗೆ ನೂರು ಸಹಿ ಹಾಕಿದರೂ ಅದಕ್ಕೆ ಜೀವ ಬರುವುದಿಲ್ಲ.

ಕಾಯ್ದೆ ಬಂದ ಎರಡೇ ವರ್ಷಕ್ಕೆ ಇದು ಪರೀಕ್ಷೆಗೆ ಒಳಗಾಯಿತು. ಕಲ್ಕತ್ತದ ಒಂದು ಬೀದಿಯಲ್ಲಿ ಹಿತ್ತಾಳೆ ಸಾಮಾನಿನ ಇಬ್ಬರು ವ್ಯಾಪಾರಿಗಳಿದ್ದರು. ‘ಇಲ್ಲಿ ನಿನ್ನ ಅಂಗಡಿ ಮುಚ್ಚು, ಕೆಲಸಗಾರರಿಗೆ ನೀನು ಕೊಟ್ಟಿರುವ ಮುಂಗಡವನ್ನು ನಾನು ತುಂಬಿಕೊಡುತ್ತೇನೆ’ ಎಂದು ಒಬ್ಬ ಇನ್ನೊಬ್ಬನಿಗೆ ಮಾತು ಕೊಟ್ಟ. ಅವನು ಮುಚ್ಚಿದ, ಇವನು ಹಣ ಕೊಡಲಿಲ್ಲ. ಮೊಕದ್ದಮೆ 1874ರಲ್ಲಿ ಹೈಕೋರ್ಟಿಗೆ ಬಂದಾಗ ಅಂಗಡಿ ಮುಚ್ಚಿದವನೇ ಸೋತ. ತಡೆ ಒಂದು ಬೀದಿಯದ್ದಾದರೂ ಅಷ್ಟೇ, ಇಡೀ ದೇಶದ್ದಾದರೂ ಅಷ್ಟೇ, ಕರಾರು ಅಸಿಂಧು ಎಂದಿತು ನ್ಯಾಯಾಲಯ. ಆ ಮನುಷ್ಯನ ಪಾಲಿಗೆ ಕಠಿಣವೇ ಆದ ತೀರ್ಪು. ಆದರೆ ನಮ್ಮ ಹುಡುಗಿಯ ಹನ್ನೆರಡು ತಿಂಗಳ ನಿರ್ಬಂಧಕ್ಕೆ ಅಡ್ಡ ನಿಂತಿರುವುದು ಅಲ್ಲಿಂದ ಬೆಳೆದು ಬಂದ ಗಟ್ಟಿತನವೇ.

ಇಂಗ್ಲೆಂಡಿನಲ್ಲಿ ಹೀಗಿಲ್ಲ. ಅಲ್ಲಿ ನ್ಯಾಯಾಧೀಶರು ನಿರ್ಬಂಧ ಎಷ್ಟು ತಿಂಗಳದ್ದು, ಯಾವ ಪ್ರದೇಶಕ್ಕೆ, ಎಷ್ಟು ಸಮಂಜಸ ಎಂದು ತೂಗಿ ನೋಡುತ್ತಾರೆ. ಸಮಂಜಸವಾದರೆ ಎತ್ತಿಹಿಡಿಯುತ್ತಾರೆ. ನಮ್ಮಲ್ಲೂ ಹಾಗೆಯೇ ಆಗಲಿ ಎಂದು ಕಾನೂನು ಆಯೋಗ 1958ರಷ್ಟು ಹಿಂದೆಯೇ ಶಿಫಾರಸು ಮಾಡಿತ್ತು. ಸಂಸತ್ತು ಅದನ್ನು ಒಪ್ಪಿ ಸೆಕ್ಷನ್ ಬದಲಿಸಲಿಲ್ಲ. ಹಾಗಾಗಿ ಕೆಲಸ ಮುಗಿದ ಮೇಲಿನ ನಿರ್ಬಂಧದ ವಿಷಯದಲ್ಲಿ ‘ಆರು ತಿಂಗಳು ತಾನೇ, ಸಮಂಜಸವಲ್ಲವೇ’ ಎಂಬ ವಾದಕ್ಕೆ ಇಲ್ಲಿ ಜಾಗವಿಲ್ಲ.

ಇದನ್ನು ಅತ್ಯಂತ ಸ್ಪಷ್ಟವಾಗಿ ಹೇಳಿದ ಪ್ರಕರಣದಲ್ಲಿ ಇದ್ದವರು ಎಲ್ಲರಿಗೂ ಗೊತ್ತಿರುವ ಕ್ರಿಕೆಟಿಗ ಜಹೀರ್ ಖಾನ್. ಅವರ ಜಾಹೀರಾತು ವ್ಯವಹಾರ ನೋಡಿಕೊಳ್ಳುತ್ತಿದ್ದ ಸಂಸ್ಥೆಯ ಜೊತೆಗಿನ ಕರಾರಿನ ಅವಧಿ ಮುಗಿದಿತ್ತು. ಬೇರೆಯವರ ಬಳಿ ಹೋಗುವ ಮುನ್ನ ಮೊದಲ ಅವಕಾಶ ನಮಗೇ ಕೊಡಬೇಕು ಎಂಬ ಷರತ್ತನ್ನು ಸಂಸ್ಥೆ ಮುಂದಿಟ್ಟಿತು. ಕರಾರು ಚಾಲ್ತಿಯಲ್ಲಿರುವವರೆಗೆ ಇಂಥ ಕಟ್ಟುಪಾಡು ನಡೆಯುತ್ತದೆ, ಅವಧಿ ಮುಗಿದ ಮೇಲೆ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು.

ಬೆಳ್ಳಂದೂರಿನ ಆ ಎಚ್‌ಆರ್ ಇಮೇಲ್‌ನ ಕೊನೆಯಲ್ಲಿ ಒಂದು ಪ್ರಕರಣದ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿದ್ದರು. 1967ರ ಸುಪ್ರೀಂ ಕೋರ್ಟ್ ತೀರ್ಪು, ಸೆಂಚುರಿ ಸ್ಪಿನ್ನಿಂಗ್ ಕಂಪನಿ ಗೆದ್ದದ್ದು. ಇಂಥ ಪತ್ರಗಳಲ್ಲಿ ಈ ಹೆಸರನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ, ಆದ್ದರಿಂದ ಅದರಲ್ಲಿ ನಡೆದದ್ದೇನೆಂದು ಹೇಳಲೇಬೇಕು. ಟಯರ್‌ಗೆ ಬಳಸುವ ನೂಲು ತಯಾರಿಸುವ ಕಾರ್ಖಾನೆ. ಅದರ ತಂತ್ರಜ್ಞಾನ ವಿದೇಶಿ ಕಂಪನಿಗಳಿಂದ ಬಂದದ್ದು. ಪಾಳಿ ಮೇಲ್ವಿಚಾರಕನೊಬ್ಬ ಐದು ವರ್ಷ ದುಡಿಯುವುದಾಗಿ ಕರಾರು ಮಾಡಿಕೊಂಡು, ತರಬೇತಿ ಪಡೆದು, ಅವಧಿಯ ನಡುವೆಯೇ ಬಿಟ್ಟು, ಕೋಟಾದಲ್ಲಿ ಅದೇ ನೂಲು ತಯಾರಿಸುವ ಕಾರ್ಖಾನೆ ಸೇರಿದ. ಐದು ವರ್ಷ ಇನ್ನೂ ಮುಗಿದಿರಲಿಲ್ಲ. ಉಳಿದ ಆ ಅವಧಿಗೆ ಮಾತ್ರ ನ್ಯಾಯಾಲಯ ಅವನನ್ನು ತಡೆಯಿತು. ಕರಾರಿನ ಅವಧಿಯೊಳಗಿನ ನಿರ್ಬಂಧ ಅದು. ತಿಂಗಳ ನೋಟಿಸ್ ಕೊಟ್ಟು, ಕೊನೆಯ ದಿನದವರೆಗೆ ದುಡಿದು, ಕ್ರಮಬದ್ಧವಾಗಿ ಹೊರಬರುವವಳಿಗೆ ಆ ತೀರ್ಪನ್ನು ತೋರಿಸಿ ಹೆದರಿಸುವುದು ತಪ್ಪು. ಕಾನೂನು ಬಲ್ಲವರೇ ಬರೆದ ಪತ್ರದಲ್ಲಿ ಅದು ಇದ್ದರೆ ತಪ್ಪು ಇನ್ನೂ ದೊಡ್ಡದು ಎಂದೇ ನಾನು ಭಾವಿಸುತ್ತೇನೆ.

ಬಿಟ್ಟು ಹೊರಟವರು ಕಟ್ಟಿದ ಊರು

ಈ 27ನೇ ಸೆಕ್ಷನ್ ಎಲ್ಲಿಂದ ಬಂತು ಎಂಬ ಕಥೆ ಬೆಂಗಳೂರಿನವರಿಗೆ ವಿಶೇಷವಾಗಿ ಗೊತ್ತಿರಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಡೇವಿಡ್ ಡಡ್ಲಿ ಫೀಲ್ಡ್ ಎಂಬ ವಕೀಲರು ಅಮೆರಿಕದ ನ್ಯೂಯಾರ್ಕ್ ರಾಜ್ಯಕ್ಕಾಗಿ ಒಂದು ನಾಗರಿಕ ಸಂಹಿತೆಯ ಕರಡು ಬರೆದರು. ನ್ಯೂಯಾರ್ಕ್ ಅದನ್ನು ಜಾರಿಗೆ ತರಲಿಲ್ಲ. ಆದರೆ ಕರಡಿನ ಆ ಒಂದು ನಿಯಮ ಭಾರತದ ಕರಾರು ಕಾಯ್ದೆಗೆ ಬಂದು ಸೇರಿತು. ಅದೇ 1872ರಲ್ಲಿ ಕ್ಯಾಲಿಫೋರ್ನಿಯಾ ಕೂಡ ಅದೇ ಕರಡನ್ನು ಆಧರಿಸಿ ತನ್ನ ಸಂಹಿತೆಯನ್ನು ಒಪ್ಪಿಕೊಂಡಿತು. ಸಿಲಿಕಾನ್ ಕಣಿವೆ ಇರುವ ಆ ರಾಜ್ಯದ ಕಾನೂನೂ ನಮ್ಮ ಊರಿಗೆ ಅನ್ವಯಿಸುವ ಕಾನೂನೂ ಈ ವಿಷಯದಲ್ಲಿ ಒಂದೇ ತಾಯಿಬೇರಿನವು.

ಅಲ್ಲಿ ಅದರ ಫಲ ಎದ್ದು ಕಾಣುತ್ತದೆ. 1957ರಲ್ಲಿ ಎಂಟು ಮಂದಿ ವಿಜ್ಞಾನಿಗಳು, ಎಂಜಿನಿಯರುಗಳು ಟ್ರಾನ್ಸಿಸ್ಟರ್ ಕಂಡುಹಿಡಿದವರಲ್ಲಿ ಒಬ್ಬರಾದ ವಿಲಿಯಂ ಶಾಕ್ಲಿ ಅವರ ಪ್ರಯೋಗಾಲಯ ಬಿಟ್ಟು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಅವರಲ್ಲಿ ಇಬ್ಬರು 1968ರಲ್ಲಿ ಅದನ್ನೂ ಬಿಟ್ಟು ಇಂಟೆಲ್ ಕಟ್ಟಿದರು. ಒಂದು ಕಂಪನಿಯಲ್ಲಿ ಕಲಿತದ್ದನ್ನು ಇನ್ನೊಂದರಲ್ಲಿ ಬಳಸುವ ಸ್ವಾತಂತ್ರ್ಯ ಇದ್ದದ್ದೇ ಆ ಕಣಿವೆ ಬೆಳೆಯಲು ದೊಡ್ಡ ಕಾರಣ ಎಂದು ಅಲ್ಲಿನ ಕಾನೂನು ವಿದ್ವಾಂಸರು ವಾದಿಸಿದ್ದಾರೆ. ನಿರ್ಬಂಧಕ್ಕೆ ಅವಕಾಶವಿದ್ದ ಮ್ಯಾಸಚೂಸೆಟ್ಸ್‌ನ ಕಂಪ್ಯೂಟರ್ ಉದ್ಯಮ ಅದೇ ಕಾಲದಲ್ಲಿ ಹಿಂದೆ ಬಿದ್ದದ್ದನ್ನು ಅವರು ಹೋಲಿಕೆಗೆ ಇಟ್ಟರು.

ನಮ್ಮ ಊರಿನ ಕಥೆಯೂ ಹೀಗೆಯೇ ಇದೆ. ನಾರಾಯಣ ಮೂರ್ತಿ ಮತ್ತು ಜೊತೆಗಾರರು ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್ ಬಿಟ್ಟು 1981ರಲ್ಲಿ ಇನ್ಫೊಸಿಸ್ ಆರಂಭಿಸಿದರು. ಎರಡೂ ತಂತ್ರಾಂಶದ ಕಂಪನಿಗಳೇ. 2007ರಲ್ಲಿ ಅಮೆಜಾನ್‌ನಲ್ಲಿದ್ದ ಇಬ್ಬರು ಯುವಕರು ಅದನ್ನು ಬಿಟ್ಟು ಬಂದು ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಶುರುಮಾಡಿದರು. ಅಂತರ್ಜಾಲದಲ್ಲಿ ಮೊದಲು ಮಾರಿದ್ದು ಪುಸ್ತಕ, ಅಮೆಜಾನ್ ಮಾರಲು ತೊಡಗಿದ್ದೂ ಪುಸ್ತಕವೇ. ಮುಂದೆ ಫ್ಲಿಪ್‌ಕಾರ್ಟ್ ಬಿಟ್ಟು ಬಂದವರು ಫೋನ್‌ಪೇ ಕಟ್ಟಿದರು. ಹೊರವರ್ತುಲ ರಸ್ತೆಯ ಉದ್ದಕ್ಕೂ ನಿಂತಿರುವ ಗಾಜಿನ ಕಟ್ಟಡಗಳಲ್ಲಿ ಎಷ್ಟೋ ಕಂಪನಿಗಳ ಮೂಲಪುರುಷರು ಒಂದು ದಿನ ಇನ್ನೊಂದು ಕಂಪನಿಗೆ ರಾಜೀನಾಮೆ ಬರೆದುಕೊಟ್ಟವರೇ. ಹಾಗೆ ಹೊರಬರುವ ದಾರಿಯನ್ನು ಹಿಂದೆ ಬರುವವರಿಗೆ ಮುಚ್ಚುವುದು ಸರಿಯೆಂದು ನನಗೆ ಅನ್ನಿಸುವುದಿಲ್ಲ.

ಆದರೂ ಷರತ್ತು ಮಾಯವಾಗಿಲ್ಲ. 2022ರಲ್ಲಿ ಇನ್ಫೊಸಿಸ್‌ನ ನೇಮಕಾತಿ ಪತ್ರದಲ್ಲಿದ್ದ ಇಂಥದೊಂದು ಷರತ್ತು ದೇಶದಾದ್ಯಂತ ಸುದ್ದಿಯಾಯಿತು. ಕಂಪನಿ ಬಿಟ್ಟವರು ಆರು ತಿಂಗಳವರೆಗೆ, ತಾವು ಕೆಲಸ ಮಾಡಿಕೊಟ್ಟ ಗ್ರಾಹಕರ ಕೆಲಸವನ್ನೇ ಹೆಸರಿಸಿದ ಕೆಲವು ಪ್ರತಿಸ್ಪರ್ಧಿ ಕಂಪನಿಗಳಲ್ಲಿ ಮಾಡುವಂತಿಲ್ಲ ಎಂಬುದು ಅದರ ತಿರುಳು. ಪುಣೆಯ ಐಟಿ ನೌಕರರ ಸಂಘಟನೆಯೊಂದು ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು. ಗೋಪ್ಯತೆ ಮತ್ತು ಗ್ರಾಹಕ ಸಂಬಂಧ ಕಾಪಾಡಲು ಇದು ಎಲ್ಲೆಡೆ ಇರುವ ರೂಢಿ ಎಂದು ಕಂಪನಿ ಉತ್ತರಿಸಿತು. 2023ರ ಕೊನೆಯಲ್ಲಿ ವಿಪ್ರೊ ತನ್ನ ಮಾಜಿ ಮುಖ್ಯ ಹಣಕಾಸು ಅಧಿಕಾರಿ ಕಾಗ್ನಿಜಂಟ್ ಸೇರಿದ್ದಕ್ಕೆ ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ 25 ಕೋಟಿ ರೂಪಾಯಿಗೂ ಹೆಚ್ಚಿನ ಪರಿಹಾರ ಕೇಳಿ ದಾವೆ ಹೂಡಿತು. ಮುಂದಿನ ವರ್ಷ ಅದು ನಾಲ್ಕು ಕೋಟಿ ಚಿಲ್ಲರೆಗೆ ರಾಜಿಯಲ್ಲಿ ಮುಗಿಯಿತು. ರಾಜಿಯಾದ್ದರಿಂದ ಷರತ್ತು ಊರ್ಜಿತವೋ ಅಲ್ಲವೋ ಎಂಬ ಬಗ್ಗೆ ತೀರ್ಪು ಹೊರಬೀಳಲೇ ಇಲ್ಲ. ಅಂಥ ಅಧಿಕಾರಿಗಳ ಕರಾರಿನಲ್ಲಿ ಕೋಟಿಗಟ್ಟಲೆ ಬೆಲೆಯ ಷೇರುಗಳ ಲೆಕ್ಕವೂ ಸೇರಿರುತ್ತದೆ. ಆ ಸುದ್ದಿ ಓದಿ ತಿಂಗಳ ಸಂಬಳದ ಎಂಜಿನಿಯರು ಹೆದರಬೇಕಿಲ್ಲ.

ನಿಜವಾದ ಹಿಡಿತ ಎಲ್ಲಿದೆ

ಅಸಿಂಧುವಾದ ಷರತ್ತನ್ನು ಕಂಪನಿಗಳು ಯಾಕೆ ಬರೆಯುತ್ತವೆ ಎಂದು ಹುಡುಗಿ ಕೇಳಿದಳು. ಅದು ಕೆಲಸ ಮಾಡುತ್ತದೆ, ಅದಕ್ಕೆ ಬರೆಯುತ್ತಾರೆ ಎಂದೆ. ನ್ಯಾಯಾಲಯದ ಮೆಟ್ಟಿಲನ್ನು ಯಾರೂ ಹತ್ತಬೇಕಿಲ್ಲ. ಒಂದು ಇಮೇಲ್ ಸಾಕು, ವಕೀಲರ ತಲೆಬರಹದ ಒಂದು ನೋಟಿಸ್ ಇದ್ದರೆ ಇನ್ನೂ ಹೆಚ್ಚು. ಹೊಸ ಕಂಪನಿಗೂ ಅದರ ಪ್ರತಿ ಹೋದರೆ ಅವರು ಸೇರುವ ದಿನವನ್ನು ಮುಂದೂಡುತ್ತಾರೆ. ಎಂಜಿನಿಯರಿಗೆ ವಕೀಲರ ಶುಲ್ಕವೂ ಭಾರ, ಊಹಾಪೋಹವೂ ಭಾರ. ನಿರ್ಬಂಧ ಅಸಿಂಧುವಾಗಿರುವ ಕ್ಯಾಲಿಫೋರ್ನಿಯಾದಲ್ಲೂ ಜನ ಇಂಥ ಕಾಗದಗಳಿಗೆ ಸಹಿ ಹಾಕುತ್ತಲೇ ಇದ್ದರು, ಹೆದರಿ ಕೂರುತ್ತಲೂ ಇದ್ದರು. ಕೊನೆಗೆ ಆ ರಾಜ್ಯ ಒಂದು ಕಾನೂನು ತಂದಿತು: ಇಂಥ ಷರತ್ತು ಹಾಕಿರುವ ಪ್ರತಿಯೊಬ್ಬ ಮಾಲೀಕನೂ ಅದು ಅಸಿಂಧು ಎಂದು ತನ್ನ ಉದ್ಯೋಗಿಗಳಿಗೆ 2024ರ ಫೆಬ್ರುವರಿ 14ರೊಳಗೆ ಲಿಖಿತವಾಗಿ ತಿಳಿಸಬೇಕು. ಕರ್ನಾಟಕದ ಐಟಿ ನೌಕರರಿಗೆ ಇಂಥ ಒಂದು ಪತ್ರ ಸಿಗುವಂತಾದರೆ ಎಷ್ಟು ಮನೆಗಳಲ್ಲಿ ನಿದ್ದೆ ಮರಳೀತು!

ಅಮೆರಿಕದ ಉಳಿದ ಬಹುತೇಕ ರಾಜ್ಯಗಳಲ್ಲಿ ಇದು ಇನ್ನೂ ಜೀವಂತ ಸಮಸ್ಯೆ. ವ್ಯಾಪಾರದಲ್ಲಿನ ಸ್ಪರ್ಧೆಯನ್ನು ಕಾಯುವ ಅಲ್ಲಿನ ಕೇಂದ್ರ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಸುಮಾರು 3 ಕೋಟಿ ಕೆಲಸಗಾರರು ಇದಕ್ಕೆ ಕಟ್ಟುಬಿದ್ದಿದ್ದಾರೆ ಎಂದು ಅಂದಾಜಿಸಿ 2024ರ ಏಪ್ರಿಲ್‌ನಲ್ಲಿ ದೇಶವ್ಯಾಪಿ ನಿಷೇಧ ಹೊರಡಿಸಿತು. ಆಗಸ್ಟ್‌ನಲ್ಲಿ ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಬೆಂಗಳೂರಿನಿಂದ ಅಲ್ಲಿಗೆ ವರ್ಗವಾಗಿ ಹೋಗುವವರು ಯಾವ ರಾಜ್ಯದಲ್ಲಿ ಸಹಿ ಹಾಕುತ್ತಿದ್ದೇವೆ ಎಂಬುದನ್ನು ನೋಡಿಕೊಳ್ಳಬೇಕು. ಇಲ್ಲಿನ ಧೈರ್ಯ ಅಲ್ಲಿ ಉಪಯೋಗಕ್ಕೆ ಬಾರದು.

ಇನ್ನು, ಹದಿನಾಲ್ಕನೇ ಷರತ್ತನ್ನು ಪಕ್ಕಕ್ಕಿಟ್ಟರೆ ಉಳಿದ ಪುಟಗಳಲ್ಲಿ ನಿಜಕ್ಕೂ ಎಚ್ಚರ ವಹಿಸಬೇಕಾದವು ಇವೆ. ಹೆದರಬೇಕಾದ ಕಡೆ ಹೆದರದೆ, ಹೆದರಬೇಕಿಲ್ಲದ ಕಡೆ ಹೆದರುವುದನ್ನು ನಾನು ಬಹಳ ಕಂಡಿದ್ದೇನೆ.

ಮೊದಲನೆಯದು ನೋಟಿಸ್ ಅವಧಿ. ನಮ್ಮ ಐಟಿ ಕಂಪನಿಗಳಲ್ಲಿ ಇದು ಬೆಳೆದು ಬೆಳೆದು ತೊಂಬತ್ತು ದಿನಕ್ಕೆ ಬಂದು ನಿಂತಿದೆ. ನಾನ್-ಕಂಪೀಟ್ ಮಾಡಲಾಗದ ಕೆಲಸವನ್ನು ಇದು ಸದ್ದಿಲ್ಲದೆ ಮಾಡುತ್ತದೆ. ಹೊಸ ಕಂಪನಿ ಮೂರು ತಿಂಗಳು ಕಾಯಲು ಸಿದ್ಧವಿಲ್ಲದಿದ್ದರೆ ಅವಕಾಶ ಕೈತಪ್ಪಿತು. ನೋಟಿಸ್ ಮುಗಿಸದೆ ಹೊರಟರೆ ಕಂಪನಿ ಪೊಲೀಸರನ್ನು ಕರೆದು ಎಳೆದುಕೊಂಡು ಬರುವಂತಿಲ್ಲ, ನ್ಯಾಯಾಲಯವೂ ಯಾರನ್ನೂ ಬಲವಂತವಾಗಿ ದುಡಿಸುವುದಿಲ್ಲ. ಆದರೆ ಬಾಕಿ ದಿನಗಳ ಸಂಬಳವನ್ನು ಕೇಳಬಹುದು, ಲೆಕ್ಕದಲ್ಲಿ ಮುರಿದುಕೊಳ್ಳಬಹುದು. ಎಲ್ಲಕ್ಕಿಂತ ಮಿಗಿಲಾಗಿ ರಿಲೀವಿಂಗ್ ಲೆಟರ್, ಅಂದರೆ ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಎಂಬ ಪತ್ರವನ್ನು ತಡೆಹಿಡಿಯಬಹುದು. ಈ ಒಂದು ಹಾಳೆ ಇಲ್ಲದೆ ದೊಡ್ಡ ಕಂಪನಿಗಳ ಹಿನ್ನೆಲೆ ಪರಿಶೀಲನೆ ದಾಟುವುದು ಕಷ್ಟ. ಆದ್ದರಿಂದ ರಾಜೀನಾಮೆಯನ್ನು ಇಮೇಲ್‌ನಲ್ಲೇ ಕೊಡಬೇಕು, ಕೊನೆಯ ದಿನ ಯಾವುದೆಂದು ಅದರಲ್ಲೇ ಬರೆಯಬೇಕು, ಅವರು ಒಪ್ಪಿದ ಉತ್ತರವನ್ನು ಜೋಪಾನ ಮಾಡಬೇಕು. ಬಾಕಿ ಸಂಬಳದ ವಿಷಯದಲ್ಲಿ ಈಗ ಒಂದು ಬಲ ಬಂದಿದೆ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟವರ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಭವಿಷ್ಯ ನಿಧಿಯ ಹಣವಂತೂ ಕಂಪನಿ ಬದಲಾದರೂ ಬದಲಾಗದ ಯುಎಎನ್ ಎಂಬ ಸಂಖ್ಯೆಯಡಿ ಉದ್ಯೋಗಿಯ ಹೆಸರಿನಲ್ಲಿಯೇ ಇರುತ್ತದೆ, ಅದನ್ನು ಒತ್ತೆಯಿಟ್ಟುಕೊಳ್ಳುವ ಅಧಿಕಾರ ಯಾವ ಕಂಪನಿಗೂ ಇಲ್ಲ.

ಎರಡನೆಯದು ಬಾಂಡ್. ಕಾಲೇಜಿನಿಂದ ನೇರವಾಗಿ ಸೇರುವ ಹುಡುಗ ಹುಡುಗಿಯರಿಂದ ಎರಡು ವರ್ಷ, ಮೂರು ವರ್ಷ ಬಿಡುವಂತಿಲ್ಲ, ಬಿಟ್ಟರೆ ಇಷ್ಟು ಹಣ ಎಂದು ಬರೆಸಿಕೊಳ್ಳುವ ಕಾಗದ. ಇದನ್ನೂ ನಾನ್-ಕಂಪೀಟ್‌ನ ಹಾಗೆ ಅಸಿಂಧು ಎಂದುಕೊಂಡರೆ ಪೆಟ್ಟು ತಿನ್ನಬೇಕಾಗುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದ ವಿಜಯಾ ಬ್ಯಾಂಕಿನ ಪ್ರಕರಣ ಇದಕ್ಕೆ ಸಾಕ್ಷಿ. ಅಧಿಕಾರಿಯೊಬ್ಬರು 2007ರಲ್ಲಿ ಸೇರಿದರು. ಮೂರು ವರ್ಷಕ್ಕೆ ಮುನ್ನ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತಿತ್ತು. 2009ರಲ್ಲಿ ಬೇರೆ ಬ್ಯಾಂಕಿಗೆ ಹೊರಟಾಗ ಹಣ ಕಟ್ಟಿ, ಇದು ಕಾನೂನುಬಾಹಿರ ಎಂದು ಕರ್ನಾಟಕ ಹೈಕೋರ್ಟ್ ಮೊರೆ ಹೋದರು, ಗೆದ್ದರು. ಆದರೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಷರತ್ತು ಬೇರೆ ಕಡೆ ಕೆಲಸ ಮಾಡಬೇಡ ಎನ್ನುತ್ತಿಲ್ಲ, ಹೇಳಿದಷ್ಟು ಕಾಲ ಇರು, ಇಲ್ಲದಿದ್ದರೆ ಇಷ್ಟು ಕೊಡು ಎನ್ನುತ್ತಿದೆ, ಹಾಗಾಗಿ 27ನೇ ಸೆಕ್ಷನ್ ಇಲ್ಲಿ ಅಡ್ಡ ಬರುವುದಿಲ್ಲ ಎಂಬುದು ನ್ಯಾಯಾಲಯದ ವಿವರಣೆ.

ಈ ತೀರ್ಪನ್ನು ಎಲ್ಲ ಬಾಂಡ್‌ಗಳಿಗೂ ಸಿಕ್ಕಿದ ಪರವಾನಗಿ ಎಂದು ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಅಲ್ಲಿದ್ದದ್ದು ಸರ್ಕಾರಿ ಸ್ವಾಮ್ಯದ ಬ್ಯಾಂಕು. ಒಬ್ಬರು ಬಿಟ್ಟರೆ ದೇಶವ್ಯಾಪಿ ಜಾಹೀರಾತು ಕೊಟ್ಟು ಮತ್ತೆ ನೇಮಕಾತಿ ನಡೆಸಬೇಕಾದ ವೆಚ್ಚವನ್ನು, ಅಧಿಕಾರಿಯ ಸಂಬಳದ ಮಟ್ಟವನ್ನು ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಂಡಿತು. ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕಾಗದದಲ್ಲಿ ಎಷ್ಟೇ ದೊಡ್ಡ ಮೊತ್ತ ಬರೆದಿರಲಿ, ಸಿಗುವುದು ಸಮಂಜಸವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲ್ಮಿತಿ. ಎರಡು ವಾರ ಹಳೆಯ ವಿಡಿಯೊ ತೋರಿಸಿ ತರಬೇತಿ ಎಂದು ಕರೆದು ಐದು ಲಕ್ಷ ಕೇಳುವ ಕಂಪನಿ ತನಗಾದ ನಷ್ಟದ ಲೆಕ್ಕ ಕೊಡಬೇಕಾಗುತ್ತದೆ. ಆದರೂ, ಸಹಿ ಹಾಕುವ ಮುನ್ನ ಬಾಂಡಿನ ಮೊತ್ತ ಓದಿ. ಮೂಲ ಅಂಕಪಟ್ಟಿಗಳನ್ನು ಒತ್ತೆಯಾಗಿ ಕೇಳುವ ಕಡೆ ಕೆಲಸವೇ ಬೇಡ, ಎದ್ದು ಬನ್ನಿ.

ಮೂರನೆಯದೇ ಎಲ್ಲಕ್ಕಿಂತ ಅಪಾಯದ್ದು: ಗೋಪ್ಯತೆ. ಕೆಲಸಗಾರನ ತಲೆಯಲ್ಲಿರುವ ಕೌಶಲ ಅವನದು, ಕಂಪನಿಯ ರಹಸ್ಯ ಕಂಪನಿಯದು. ಹಣ ಪಾವತಿಯ ವ್ಯವಸ್ಥೆ ಹೇಗೆ ಕಟ್ಟಬೇಕು ಎಂಬ ತಿಳಿವಳಿಕೆಯನ್ನು ನಮ್ಮ ಹುಡುಗಿ ಎಲ್ಲಿಗೆ ಬೇಕಾದರೂ ಕೊಂಡೊಯ್ಯಬಹುದು. ಅವಳು ಬರೆದ ಸಾಲುಸಾಲು ಕೋಡ್, ಗ್ರಾಹಕರ ಪಟ್ಟಿ, ಯಾರಿಗೆ ಯಾವ ದರ ಎಂಬ ಹಾಳೆ, ಇವನ್ನು ಒಯ್ಯುವಂತಿಲ್ಲ. ಈ ನಿರ್ಬಂಧ ಕೆಲಸ ಬಿಟ್ಟ ಮೇಲೂ ನಿಲ್ಲುತ್ತದೆ. ನಮ್ಮಲ್ಲಿ ವ್ಯಾಪಾರ ರಹಸ್ಯಗಳಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲದಿದ್ದರೂ ಕರಾರು, ಕೃತಿಸ್ವಾಮ್ಯ, ಮಾಹಿತಿ ತಂತ್ರಜ್ಞಾನ ಕಾಯ್ದೆ ಇವುಗಳ ಅಡಿಯಲ್ಲಿ ಕಂಪನಿಗಳು ತಡೆಯಾಜ್ಞೆ ತರುತ್ತವೆ, ಕೆಲವೊಮ್ಮೆ ಕ್ರಿಮಿನಲ್ ದೂರನ್ನೂ ಕೊಡುತ್ತವೆ.

ತೊಂದರೆ ಶುರುವಾಗುವುದು ಸಾಮಾನ್ಯವಾಗಿ ಕೊನೆಯ ವಾರದ ಒಂದು ಸಂಜೆ. ಲ್ಯಾಪ್‌ಟಾಪ್ ವಾಪಸ್ ಕೊಡಬೇಕು, ಅದರಲ್ಲಿ ಮಗುವಿನ ಹುಟ್ಟುಹಬ್ಬದ ಫೋಟೊಗಳಿವೆ, ಸಂಬಳದ ಚೀಟಿಗಳಿವೆ, ಮೂರು ವರ್ಷದಿಂದ ತಾನೇ ಬರೆದುಕೊಂಡ ಸಣ್ಣಪುಟ್ಟ ಸ್ಕ್ರಿಪ್ಟ್‌ಗಳಿವೆ. ಒಂದೊಂದನ್ನೇ ಆರಿಸುವ ವ್ಯವಧಾನವಿಲ್ಲದೆ ಇಡೀ ಫೋಲ್ಡರನ್ನು ಸ್ವಂತ ಡ್ರೈವ್‌ಗೆ ಎಳೆದು ಹಾಕುತ್ತಾರೆ. ಮನಸ್ಸಿನಲ್ಲಿ ಯಾವ ಕೆಟ್ಟ ಉದ್ದೇಶವೂ ಇರುವುದಿಲ್ಲ. ಆದರೆ ರಾಜೀನಾಮೆ ಕೊಟ್ಟವರ ಯಂತ್ರದಿಂದ ಏನು ಹೊರಗೆ ಹೋಯಿತು ಎಂಬುದು ಗಂಟೆ ನಿಮಿಷದ ಸಮೇತ ದಾಖಲಾಗುತ್ತಿರುತ್ತದೆ. ನಾನ್-ಕಂಪೀಟ್ ಹಿಡಿದು ಗೆಲ್ಲಲಾಗದ ಕಂಪನಿಗೆ ಆ ದಾಖಲೆಯೇ ಸಿಕ್ಕಿದ ಅಸ್ತ್ರ. ಹುಡುಗಿಯನ್ನು ಅಂದೇ ಕೇಳಿದೆ, ‘ಏನಾದರೂ ಕಳಿಸಿಕೊಂಡಿದ್ದೀಯಾ?’ ಇಲ್ಲ ಎಂದಳು. ‘ಒಳ್ಳೆಯದು, ಸಂಬಳದ ಚೀಟಿ ಬೇಕಿದ್ದರೂ ಎಚ್‌ಆರ್‌ಗೆ ಬರೆದು ಕೇಳಿ ತೆಗೆದುಕೋ’ ಎಂದೆ.

ಜೊತೆಯವರನ್ನು ಕರೆದೊಯ್ಯುವ ವಿಷಯವೂ ಇದೆ. ಹೊಸ ಕಂಪನಿಯಿಂದ ಹಳೆಯ ತಂಡದವರಿಗೆ ‘ಇಲ್ಲಿಗೆ ಬನ್ನಿ’ ಎಂದು ಸಂದೇಶ ಕಳಿಸುವುದನ್ನು, ಹಳೆಯ ಗ್ರಾಹಕರನ್ನು ಸೆಳೆಯುವುದನ್ನು ನಿಷೇಧಿಸುವ ಷರತ್ತು ಬೇರೆಯೇ ಇರುತ್ತದೆ. ನ್ಯಾಯಾಲಯಗಳು ಇದನ್ನು ನಾನ್-ಕಂಪೀಟ್‌ನಷ್ಟು ಸುಲಭವಾಗಿ ತಳ್ಳಿಹಾಕಿಲ್ಲ. ಬೆಂಗಳೂರಿನ ವಿಪ್ರೊ ಮತ್ತು ಬೆಕ್‌ಮನ್ ಕೂಲ್ಟರ್ ನಡುವಿನ 2006ರ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ಪರಸ್ಪರರ ನೌಕರರನ್ನು ಸೆಳೆಯುವುದಿಲ್ಲ ಎಂದು ಎರಡು ಕಂಪನಿಗಳು ಮಾಡಿಕೊಂಡ ಕರಾರು ನೌಕರನ ಕೈಕಟ್ಟುವುದಿಲ್ಲವಾದ್ದರಿಂದ 27ನೇ ಸೆಕ್ಷನ್‌ಗೆ ವಿರುದ್ಧವಲ್ಲ ಎಂದಿತು. ಗೆಳೆಯರ ಜೊತೆ ಕಾಫಿ ಕುಡಿಯುವುದಕ್ಕೆ ಅಡ್ಡಿಯಿಲ್ಲ. ಅವರ ಬಯೊಡೇಟಾ ಕೇಳಿ ಬರೆದ ಸಂದೇಶ ಮಾತ್ರ ಒಂದು ವರ್ಷ ಬೇಡ.

ಇನ್ನೆರಡನ್ನು ಚಿಕ್ಕದಾಗಿ ಹೇಳುತ್ತೇನೆ. ಕೆಲಸದಲ್ಲಿ ಇರುವಾಗಲೇ ಇನ್ನೊಂದು ಕಂಪನಿಗೆ ದುಡಿಯಬಾರದು ಎಂಬ ಷರತ್ತು ಪೂರ್ತಿ ಊರ್ಜಿತ. 2022ರಲ್ಲಿ ವಿಪ್ರೊ 300 ಜನರನ್ನು ಮನೆಗೆ ಕಳಿಸಿದ್ದು ಈ ಕಾರಣಕ್ಕೇ. ಸ್ಟಾರ್ಟಪ್ ಕಟ್ಟಿ ಮಾರುವ ಸಂಸ್ಥಾಪಕರ ಕಥೆಯೂ ಬೇರೆ. ವ್ಯವಹಾರದ ಹೆಸರನ್ನೂ ವರ್ಚಸ್ಸನ್ನೂ ಬೆಲೆಗೆ ಮಾರಿದವರು ಸಮಂಜಸವಾದ ಮಿತಿಯೊಳಗೆ ಅದೇ ವ್ಯವಹಾರ ಮಾಡುವುದಿಲ್ಲ ಎಂದು ಮಾತು ಕೊಟ್ಟರೆ 27ನೇ ಸೆಕ್ಷನ್ ಅದನ್ನು ಒಪ್ಪುತ್ತದೆ. ಸೆಕ್ಷನ್‌ನಲ್ಲೇ ಬರೆದಿರುವ ವಿನಾಯಿತಿ ಅದು.

ಮತ್ತು ಷೇರುಗಳು. ವಿದೇಶಿ ಕಂಪನಿಗಳ ಬೆಂಗಳೂರು ಶಾಖೆಗಳಲ್ಲಿ ಇರುವವರಿಗೆ ಮಾತೃಸಂಸ್ಥೆಯ ಷೇರು ಕೊಡುವಾಗ ಬೇರೊಂದು ಕರಾರಿಗೆ ಪರದೆಯ ಮೇಲೆ ಒಂದು ಗುಂಡಿ ಒತ್ತಿಸಿ ಒಪ್ಪಿಗೆ ಪಡೆಯುತ್ತಾರೆ. ಪ್ರತಿಸ್ಪರ್ಧಿ ಕಂಪನಿ ಸೇರಿದರೆ ಷೇರು ರದ್ದು ಎಂದು ಅದರಲ್ಲಿ ಇರಬಹುದು, ಅನ್ವಯಿಸುವ ಕಾನೂನು ಅಮೆರಿಕದ ಯಾವುದೋ ರಾಜ್ಯದ್ದಾಗಿರಬಹುದು. ಕೆಲಸವನ್ನು ಯಾರೂ ತಡೆಯಲಾರರು, ಆದರೆ ಆ ಹಣ ಕೈಬಿಟ್ಟು ಹೋಗಬಹುದು. ರಾಜೀನಾಮೆಯ ದಿನಾಂಕ ಗೊತ್ತುಮಾಡುವ ಮುನ್ನ ಅದನ್ನು ಒಮ್ಮೆ ಓದಲೇಬೇಕು.

ಉತ್ತರ

ಆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಕೂತು ಎಚ್‌ಆರ್‌ಗೆ ಉತ್ತರ ಬರೆದೆವು. ವಾದ ಮಾಡಲಿಲ್ಲ, ಯಾವ ತೀರ್ಪನ್ನೂ ಎತ್ತಿ ಆಡಲಿಲ್ಲ. ‘ನೋಟಿಸ್ ಅವಧಿಯ ಕೊನೆಯ ದಿನದವರೆಗೆ ಪೂರ್ಣವಾಗಿ ಕೆಲಸ ಮಾಡುತ್ತೇನೆ. ಕಂಪನಿಯ ಗೋಪ್ಯ ಮಾಹಿತಿ ನನ್ನ ಬಳಿ ಯಾವ ರೂಪದಲ್ಲೂ ಇಲ್ಲ, ಗೋಪ್ಯತೆಯ ಷರತ್ತಿಗೆ ಮುಂದೆಯೂ ಬದ್ಧಳಾಗಿರುತ್ತೇನೆ. ಹದಿನಾಲ್ಕನೇ ಷರತ್ತು ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಕೆಲಸ ಮುಗಿದ ಮೇಲೆ ಅನ್ವಯವಾಗುವುದಿಲ್ಲ ಎಂದು ತಿಳಿದಿದ್ದೇನೆ.’ ಇಷ್ಟೇ. ಹೋಗುವ ಕಂಪನಿಯ ಹೆಸರು ಹೇಳಲಿಲ್ಲ, ಹೇಳಬೇಕೆಂಬ ನಿಯಮ ಅವಳ ಕರಾರಿನಲ್ಲಿ ಇರಲಿಲ್ಲ. ವಿಷಯ ಮುಂದುವರಿದರೆ ಯಾರ ಬಳಿ ಹೋಗಬೇಕೆಂದೂ ಹೇಳಿಟ್ಟೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಇದೆ. ಕಿಟು ಎಂದೇ ಎಲ್ಲರೂ ಕರೆಯುವ ಕರ್ನಾಟಕದ ಐಟಿ ನೌಕರರ ಸಂಘ 2017ರಿಂದ ಇಂಥ ದೂರುಗಳಲ್ಲಿ ನೌಕರರ ಜೊತೆ ನಿಲ್ಲುತ್ತಾ ಬಂದಿದೆ. ಕಾಗದ ತೋರಿಸಲು ಒಬ್ಬ ಒಳ್ಳೆಯ ವಕೀಲರಿಗೆ ಕೊಡುವ ಒಂದು ದಿನದ ಶುಲ್ಕ, ಬಿಟ್ಟುಕೊಟ್ಟ ಒಂದು ವರ್ಷದ ಸಂಬಳದ ಮುಂದೆ ಏನೂ ಅಲ್ಲ.

ಯಾರ ಬಳಿಯೂ ಹೋಗುವ ಪ್ರಸಂಗ ಬರಲಿಲ್ಲ. ಎಚ್‌ಆರ್‌ನಿಂದ ಆ ಇಮೇಲ್‌ಗೆ ಮರು ಉತ್ತರ ಬರಲೇ ಇಲ್ಲ. ನೋಟಿಸ್ ಮುಗಿದ ಮೇಲೆ ರಿಲೀವಿಂಗ್ ಲೆಟರ್ ಸದ್ದಿಲ್ಲದೆ ಬಂತು.

ಹೊಸ ಕಂಪನಿಯ ನೇಮಕಾತಿ ಪತ್ರವನ್ನು ಈ ಬಾರಿ ಅವಳು ಮೊದಲ ಅಕ್ಷರದಿಂದ ಓದಿದಳು. ಹನ್ನೊಂದನೇ ಪುಟದಲ್ಲಿ ಅದೇ ಷರತ್ತು, ಒಂದು ವರ್ಷದ ಬದಲು ಆರು ತಿಂಗಳು. ಪೆನ್ಸಿಲ್‌ನಲ್ಲಿ ಅಡಿಗೆರೆ ಎಳೆದು, ಆ ಪುಟದ ಫೋಟೊ ತೆಗೆದು, ಇದನ್ನು ತೆಗೆದುಹಾಕಲು ಸಾಧ್ಯವೇ ಎಂದು ಅಲ್ಲಿನ ಎಚ್‌ಆರ್‌ಗೆ ಕೇಳಿದಳು. ಇದು ನಮ್ಮ ಎಲ್ಲರಿಗೂ ಕೊಡುವ ನಮೂನೆ, ಈವರೆಗೆ ಯಾರೂ ಕೇಳಿರಲಿಲ್ಲ ಎಂದು ಅವರು ಹೇಳಿದರಂತೆ. ಎರಡು ದಿನದ ನಂತರ ತಿದ್ದಿದ ಪ್ರತಿ ಬಂತು. ‘ಉದ್ಯೋಗ ಮುಗಿದ ನಂತರ ಆರು ತಿಂಗಳವರೆಗೆ’ ಎಂದಿದ್ದ ಜಾಗದಲ್ಲಿ ‘ಉದ್ಯೋಗದಲ್ಲಿ ಇರುವವರೆಗೆ’ ಎಂದಿತ್ತು. ಅದನ್ನು ನನಗೆ ಕಳಿಸಿ, ಆಮೇಲೆ ಸಹಿ ಹಾಕಿದಳು.